ನಾಂಗ್ ತಿಬಾಂಗ್ ಚಳಿಗೆ ಹೊರಟದ್ದು

ಲಾ ಪಾಜ್ ಮಾರುಕಟ್ಟೆಯಲ್ಲಿ ನನ್ನ ಒಣಮೀನಿನ ಅಂಗಡಿಗೆ ಎದುರಾಗಿ ತಿಬಾಂಗಳ ಬಾಚೊಯ್ ಅಂಗಡಿ ಇದೆ. ಪೂರ್ತಿ ಹೆಸರು ಪ್ರಿಮಿತೀವಾ. ಅಷ್ಟುದ್ದ ಕರೆಯುವಷ್ಟರಲ್ಲಿ ಸಾರು ಆರಿಹೋಗುತ್ತದೆಂದು ಎಲ್ಲರಿಗೂ ನಾಂಗ್ ತಿಬಾಂಗ್. ನಮ್ಮಲ್ಲಿ ಹಿರಿಯಳನ್ನು ನಾಂಗ್ ಎನ್ನುತ್ತೇವೆ, ಹಿರಿಯನನ್ನು ನೋಂಗ್. ಮಾರುಕಟ್ಟೆಯಲ್ಲಿ ಇದಕ್ಕೂ ವಯಸ್ಸಿಗೂ ಹೆಚ್ಚು ಸಂಬಂಧವಿಲ್ಲ. ಯಾರಿಂದ ಕೆಲಸ ಆಗಬೇಕೋ ಅವರು ಹಿರಿಯರು. ಆ ಲೆಕ್ಕದಲ್ಲಿ ನೋಡಿದರೆ ತಿಬಾಂಗಳಷ್ಟು ಹಿರಿಯ ಜೀವ ಇಡೀ ಇಲೊಯಿಲೊ ಪಟ್ಟಣದಲ್ಲೇ ಇಲ್ಲ.

ಯಾಕೆಂದರೆ ಆಕೆಗೆ ‘ಆಗಲ್ಲ’ ಎನ್ನಲು ಬರುವುದಿಲ್ಲ. ಪಕ್ಕದ ತರಕಾರಿಯ ಲೂಸಿಂಗ್ ‘ಒಂದು ಗಳಿಗೆ ನೋಡ್ಕೋ’ ಎಂದು ಮಗುವನ್ನು ಬಿಟ್ಟುಹೋದರೆ ಸಂಜೆಗೆ ಬರುತ್ತಾಳೆ. ಓಣಿಯಲ್ಲಿ ಯಾರ ಮನೆಯಲ್ಲಿ ಹೆಣ ಬಿದ್ದರೂ ಕಾಪಿ, ಬಿಸ್ಕತ್ತು ತಿಬಾಂಗಳ ಅಡುಗೆಮನೆಯಿಂದಲೇ ಹೋಗಬೇಕು. ನಾನು ಮಳೆಗಾಲದಲ್ಲಿ ನನ್ನ ಥಂಡಿ ಹಿಡಿದ ಮೀನಿನ ಬುಟ್ಟಿಗಳನ್ನು ಆಕೆಯ ಒಲೆಯ ಬೆನ್ನಿಗೆ ಒಣಗಲು ಇಡುತ್ತೇನೆ. ಆಕೆಯ ಗಿರಾಕಿಗಳು ಮೂಗು ಸಿಂಡರಿಸಿಕೊಂಡು ಉಣ್ಣುತ್ತಾರೆ. ಆಕೆ ಏನೂ ಅಂದಿಲ್ಲ. ಏನೂ ಅನ್ನದವರ ಹತ್ತಿರ ವ್ಯಾಪಾರಸ್ಥನಾದವನು ‘ಪರವಾಗಿಲ್ಲವಾ’ ಎಂದು ಕೇಳುತ್ತ ನಿಲ್ಲುವುದಿಲ್ಲ.

ಬಾಚೊಯ್ ಎಂದರೆ ಹಂದಿಯ ಮೂಳೆ ಕುದಿಸಿದ ಸಾರು, ಅದರಲ್ಲಿ ಶಾವಿಗೆ, ಮೇಲೆ ಹುರಿದ ಬೆಳ್ಳುಳ್ಳಿ. ತಿನ್ನುವವನಿಗೆ ಸುಖ. ಮಾಡುವವಳು ಮದುವೆಯಾದಾಗಿನಿಂದ ಅದೇ ಹಂಡೆಯ ಮುಂದೆ ನಿಂತು ಬೆಂದಿದ್ದಾಳೆ. ತಿಬಾಂಗಳ ಕತ್ತಿನಲ್ಲಿ ಸದಾ ಒಂದು ಒದ್ದೆ ಟವೆಲು. ಡಿಸೆಂಬರಿನಲ್ಲಿ ಕೂಡ ಅದು ಒಣಗಿದ್ದನ್ನು ನಾನು ಕಂಡಿಲ್ಲ. ಆಕೆಗೆ ಇದ್ದದ್ದು ಒಂದೇ ಆಸೆ. ಅದನ್ನು ಗಿರಾಕಿ ಕಮ್ಮಿಯಿದ್ದ ಮಧ್ಯಾಹ್ನ ನನಗೆ ಹೇಳಿದ್ದಳು.

“ನೋಂಗ್ ಆಂಬೊ, ನಂಗೆ ಒಂದ್ಸಲ ಚಳಿ ಆಗ್ಬೇಕು.”

“ಜ್ವರ ಬಂದಾಗ ಆಗಲ್ವಾ?”

“ಆ ಚಳಿ ಅಲ್ಲ. ಹಲ್ಲು ಕಟಕಟ ಅನ್ನೋ ಚಳಿ. ಬಾಗ್ಯೊದಲ್ಲಿ ಇರುತ್ತಂತಲ್ಲ, ಬೆಟ್ಟದ ಮೇಲೆ. ಸುಮ್ನೆ ಹೋಗಿ, ಸ್ವೆಟರ್ ಹಾಕ್ಕೊಂಡು, ಏನೂ ಮಾಡ್ದೆ ಕೂತ್ಕೋಬೇಕು.”

ಸುಮ್ಮನೆ ಎಂಬುದೇ ಅಲ್ಲಿ ಮುಖ್ಯವಾದ ಮಾತು. ತಿಬಾಂಗ್ ಊರು ಬಿಟ್ಟು ಹೋಗಿಲ್ಲ ಎಂದಲ್ಲ. ಮಣ್ಣಿಗೆ ಹೋಗಿದ್ದಾಳೆ, ಬಾಣಂತನಕ್ಕೆ ಹೋಗಿದ್ದಾಳೆ, ಯಾರದೋ ಆಪರೇಷನ್ನಿಗೆ ಗಂಜಿ ಹೊತ್ತುಕೊಂಡು ಹೋಗಿದ್ದಾಳೆ. ಯಾರ ಕೆಲಸವೂ ಇಲ್ಲದೆ, ತನ್ನ ಪಾಡಿಗೆ ತಾನು ಹೋದದ್ದು ಒಮ್ಮೆಯೂ ಇಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮರ್ಲಿನ್ ಕಡಿಮೆ ದರದ ಟಿಕೆಟ್ಟು ಬಿಟ್ಟ ದಿನ ಗಬಕ್ಕನೆ ನಾಲ್ಕು ಹಿಡಿದಳು: ಅವ್ವ, ಅಪ್ಪ, ತಾನು, ತನ್ನ ಪುಟ್ಟ ಮಗಳು ಕಾಯ್. ವಿಮಾನದಲ್ಲಿ ಲುಜಾನ್ ದ್ವೀಪಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟಕ್ಕೆ. ಅಗ್ಗದ ಟಿಕೆಟ್ಟಿನ ಸ್ವಭಾವ ನಿಮಗೆ ಗೊತ್ತು. ವಿಮಾನ ತಪ್ಪಿದರೆ ಹಣವೂ ಇಲ್ಲ, ಬೇರೆ ದಿನವೂ ಇಲ್ಲ. ಈ ಸಲ ಹೋಗದಿದ್ದರೆ ತಿಬಾಂಗಳ ಹಲ್ಲು ಈ ಜನ್ಮದಲ್ಲಿ ಕಟಕಟ ಎನ್ನುವಂತಿರಲಿಲ್ಲ.

ಸುದ್ದಿ ಮಾರುಕಟ್ಟೆಯಲ್ಲಿ ಹಬ್ಬಿತು. ಅಲ್ಲಿಯವರೆಗೆ ಬಾಗ್ಯೊದಲ್ಲಿ ನಮ್ಮವರು ಯಾರೂ ಇಲ್ಲವೆಂದೇ ತಿಳಿದಿದ್ದೆವು. ಟಿಕೆಟ್ಟಿನ ಸುದ್ದಿ ಬಂದ ಮೇಲೆ ನೋಡಿದರೆ ಲಾ ಪಾಜಿನ ಅರ್ಧ ಜನ ಅಲ್ಲೇ ಸಂಸಾರ ಹೂಡಿದ್ದಾರೆ. ಲೂಸಿಂಗಳಿಗೆ ಅಲ್ಲೊಬ್ಬ ತಮ್ಮ ಹುಟ್ಟಿಕೊಂಡ. ಅವನಿಗೆ ಒಂದು ಪೆಟ್ಟಿಗೆ ಮಾವಿನಹಣ್ಣು. ಕಸಾಯಿಯವನಿಗೆ ಸೋದರಳಿಯ. ಅವನಿಗೆ ಭರಣಿಯಲ್ಲಿ ಸಿಗಡಿಯ ಹುಳಿಗೊಜ್ಜು. ಯಾರೋ ಅತ್ತಿಗೆಗೆ ಟೇಬಲ್ ಫ್ಯಾನು ಕಳಿಸಿದರು. ಚಳಿಯ ಊರಿಗೆ ಫ್ಯಾನು! ಕೇಳಿದರೆ, “ಅವ್ರು ಕೇಳಿಲ್ಲ, ಆದ್ರೆ ಬರಿಗೈಲಿ ಹೆಂಗೆ ಕಳ್ಸೋದು?” ಪ್ರತಿಯೊಬ್ಬರಿಗೂ ತಿಬಾಂಗ್ ಹೇಳಿದ್ದು ಒಂದೇ: “ಇಟ್ಟು ಹೋಗಿ.”

ನಾನೂ ಒಂದು ಚಿಕ್ಕ ಪೆಟ್ಟಿಗೆ ಇಟ್ಟೆ. ಬಾಗ್ಯೊ ಮಾರುಕಟ್ಟೆಯ ಮೀನಿನವನೊಬ್ಬನಿಗೆ ನನ್ನ ಮಾಲಿನ ಮಾದರಿ. ಮಾದರಿ ಎಂದ ಮೇಲೆ ಎಲ್ಲ ಜಾತಿಯದೂ ಇರಬೇಕಲ್ಲ. ಸ್ವಲ್ಪ ಭಾರವಾಯಿತು. ವ್ಯಾಪಾರ ಕುದುರಿದರೆ ಬಂದ ಮೇಲೆ ಆಕೆಗೂ ಒಂದು ಕಟ್ಟು ಕೊಡುವವನಿದ್ದೆ.

ಹೊರಡುವ ದಿನ ಬೆಳಿಗ್ಗೆ ಅವರ ಮನೆಗೆ ಹೋದರೆ ಜಗಲಿಯಲ್ಲಿ ರಟ್ಟಿನ ಪೆಟ್ಟಿಗೆಗಳ ಗೋಡೆ ಎದ್ದಿದೆ. ಆಕೆಯ ಸ್ವಂತ ಸಾಮಾನೆಂದರೆ ಎರಡು ಚೀಲ. ಅವು ಗೋಡೆಯ ಕೆಳಗೆ ಸಿಕ್ಕಿಕೊಂಡಿವೆ. ಸ್ವೆಟರುಗಳಿಗೆ ಜಾಗವಾಗದೆ ನಾಲ್ವರೂ ಅವನ್ನು ಸೊಂಟಕ್ಕೆ ಸುತ್ತಿಕೊಂಡಿದ್ದಾರೆ. ಗಂಡ ನೋಂಗ್ ತಾಕ್ಯೊ ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಹುರಿ ಬಿಗಿಯುತ್ತಿದ್ದಾನೆ. ತಾಕ್ಯೊ ಒಳ್ಳೆಯವನು, ಆದರೆ ಅವಸರ ಮಾಡಿ ಎಂದು ಯಾರಾದರೂ ಹೇಳಿದರೆ ಇನ್ನೊಂದು ಗಂಟು ಹಾಕುತ್ತಾನೆ.

“ಅಪ್ಪಾ, ಸಾಕು! ಅದೇನು ಹಂದಿನಾ, ತಪ್ಪಿಸ್ಕೊಂಡು ಓಡಕ್ಕೆ?” ಎಂದು ಮರ್ಲಿನ್ ಕೂಗಿದಳು.

“ದಾರೀಲಿ ಬಿಚ್ಕೊಂಡ್ರೆ ನೀನ್ ಆರಿಸ್ತೀಯಾ?” ಎಂದು ಅವನು ಮತ್ತೊಂದು ಗಂಟು ಹಾಕಿದ.

ಅಷ್ಟರಲ್ಲಿ ಓಣಿಯ ಡ್ರೈವರ್ ಸೆಲ್ಸೊ ತನ್ನ ಜೀಪ್ನಿ ತಂದು ನಿಲ್ಲಿಸಿದ. ಜೀಪನ್ನೇ ಹಿಂದಕ್ಕೆ ಎಳೆದು ಉದ್ದ ಮಾಡಿದಂಥ ಬಾಡಿಗೆ ಗಾಡಿ. ಉದ್ದಕ್ಕೆ ಎದುರುಬದುರು ಎರಡು ಬೆಂಚು, ಹಿಂದೆ ಬಾಗಿಲಿಲ್ಲದ ಬಾಯಿ. ಹೊರಡುವವರು ನಾಲ್ಕೇ ಜನ. ಆದರೆ ನಮ್ಮಲ್ಲಿ ವಿಮಾನ ಹತ್ತುವವರನ್ನು ಅವರಷ್ಟಕ್ಕೆ ಕಳಿಸುವ ಪದ್ಧತಿ ಇಲ್ಲ. ಗಾಜಿನ ಬಾಗಿಲವರೆಗೂ ಹೋಗಬೇಕು, ಅಳಬೇಕು, ಫೋಟೋ ತೆಗೆಸಿಕೊಳ್ಳಬೇಕು, ಆಮೇಲೆ ನೆರಳು ಹುಡುಕಿ ಬುತ್ತಿ ಉಣ್ಣಬೇಕು. ಬೀಳ್ಕೊಡಲು ಬಂದವರು ಹದಿನೈದು ಜನಕ್ಕೆ ಕಮ್ಮಿಯಿರಲಿಲ್ಲ. ಅವರ ಅನ್ನದ ದೊಡ್ಡ ಪಾತ್ರೆ, ಅಡೋಬೊ ಮಾಂಸದ ಬೋಗುಣಿ, ತಟ್ಟೆಗಳ ಗಂಟು ಬೇರೆ. ತಿಬಾಂಗಳೇ ಹಿಂದಿನ ದಿನ ಎಲ್ಲರಿಗೂ ಬೇಯಿಸಿದ್ದು. ತನ್ನನ್ನು ಕಳಿಸಲು ಬರುವವರ ಊಟವನ್ನು ತಾನೇ ಮಾಡಿಟ್ಟು ಹೊರಡುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಒಳಗೆ ತಿಂಡಿ ನಡೆದಿತ್ತು. ನಡೆದಿತ್ತು ಅನ್ನುವುದಕ್ಕಿಂತ ನಿಂತಲ್ಲೇ ನುಂಗುತ್ತಿದ್ದರು. ಸೆಲ್ಸೊ ಹಾರ್ನು ಹೊಡೆದದ್ದೇ ತಡ, ಒಳ್ಳೆಯ ಸೀಟು ಹಿಡಿಯಲು ಎಲ್ಲರೂ ತಿಂದಲ್ಲಿಗೆ ಬಿಟ್ಟು ಓಡಿದರು. ತಾಕ್ಯೊನ ತಾಯಿ ಮೆತ್ರಿಂಗ್, ನಮಗೆಲ್ಲ ಲೋಲಾ, ಅಂದರೆ ಅಜ್ಜಿ, ಒಬ್ಬಳೇ ಮೇಜಿನ ಮುಂದೆ ನಿಧಾನವಾಗಿ ಉಣ್ಣುತ್ತಿದ್ದಳು. ಲೂಸಿಂಗ್ ಅವಳ ತೋಳು ಹಿಡಿದು ಎತ್ತಿ, “ಬನ್ನಿ ಲೋಲಾ, ಆಮೇಲೆ ಉಣ್ಣಿ, ಕಿಟಕಿ ಹತ್ರ ಸೀಟ್ ಕೊಡಿಸ್ತೀನಿ” ಎಂದು ಹೊರಗೆ ನಡೆಸಿದಳು. ಮುದುಕಿ ಏನೋ ಹೇಳಲು ಬಾಯಿ ತೆರೆದಳು. ಬಾಯಲ್ಲಿ ಅನ್ನವಿತ್ತು.

ಹತ್ತಿದ್ದೇ ಒಂದು ಯುದ್ಧ. ಪೆಟ್ಟಿಗೆಗಳನ್ನು ಮೇಲಕ್ಕೆ ಏರಿಸಿ, ಮೇಲೆ ಹಿಡಿಸದವನ್ನು ಕಾಲಡಿಗೆ ತುಂಬಿ, ಅದಕ್ಕೂ ಮಿಕ್ಕಿದ್ದನ್ನು ತೊಡೆಯ ಮೇಲೆ ಇಟ್ಟುಕೊಂಡದ್ದಾಯಿತು. ಬೀಳ್ಕೊಡುವವರೆಲ್ಲ ಕೂತ ಮೇಲೆ ನೋಡಿದರೆ ಪ್ರಯಾಣಿಕರಿಗೇ ಜಾಗವಿಲ್ಲ. ತಾಕ್ಯೊ ಹಿಂದಿನ ಮೆಟ್ಟಿಲ ಮೇಲೆ ನೇತುಬಿದ್ದ. ಮರ್ಲಿನ್ ಅರ್ಧ ಕುಂಡಿ ಊರಿದಳು. ತಿಬಾಂಗ್ ತನ್ನ ಪಯಣಕ್ಕೆ ತಾನೇ ಹೆಚ್ಚಾದವಳಂತೆ ಫ್ಯಾನಿನ ಪೆಟ್ಟಿಗೆಯ ಮೇಲೆ ಮುದುಡಿ ಕೂತು, ಕಾಯಳನ್ನು ಮಡಿಲಿಗೆ ಎಳೆದುಕೊಂಡಳು.

“ಎಲ್ಲ ಸೇರಿ ಎಷ್ಟು ತೂಕ ಆಗ್ಬೋದು?” ಎಂದೆ.

“ಕೇಳ್ಬೇಡಿ ನೋಂಗ್ ಆಂಬೊ,” ಎಂದಳು ಮರ್ಲಿನ್ ಹಲ್ಲು ಕಚ್ಚಿ. “ಟಿಕೆಟ್ಟಲ್ಲಿ ಎರಡು ಚೀಲಕ್ಕೆ ಮಾತ್ರ ಇದೆ. ಅಲ್ಲಿ ತೂಗಿ, ಬಿಚ್ಚಿ, ಜಗಳ ಆಡಿ, ಅಷ್ಟೊತ್ತಿಗೆ ಕೌಂಟರ್ ಮುಚ್ಚುತ್ತೆ. ನಾನು ಅವ್ವಂಗೆ ಹೇಳ್ದೆ. ಕೇಳ್ಬೇಕಲ್ಲ? ಇದ್ರಲ್ಲಿ ಅತಿ ಭಾರ ಇರೋದು ಯಾವ್ದು ಗೊತ್ತಾ?”

ನಾನು ಕಿಟಕಿಯಾಚೆ ನೋಡತೊಡಗಿದೆ. ಹೊರಗೆ ವಿಶೇಷವೇನೂ ಇರಲಿಲ್ಲ.

ಹಾರೊದಲ್ಲಿ ಚರ್ಚು ಬಂತೆಂದು ಎಲ್ಲರೂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಒಬ್ಬಳು ಇಳಿದು ಮೇಣದಬತ್ತಿ ಹಚ್ಚಿಬರುತ್ತೇನೆಂದಳು. ಸೆಲ್ಸೊ ನಿಲ್ಲಿಸಲಿಲ್ಲ, ಕೂತಲ್ಲಿಂದಲೇ ಮೊಬೈಲಿನಲ್ಲಿ ಮಾತೆಯ ಚಿತ್ರಕ್ಕೆ ಕೈ ಮುಗಿ ಎಂದ. ಪಾವಿಯಾ ದಾಟಿ ಗದ್ದೆಗಳು ಶುರುವಾದವು. ವಿಮಾನ ನಿಲ್ದಾಣಕ್ಕೆ ಇನ್ನು ಅರ್ಧ ದಾರಿ. ಸಮಯ ಬಿಗಿಯಾಗಿತ್ತು, ಆದರೆ ಕೈ ತಪ್ಪಿರಲಿಲ್ಲ. ಆಗ ಬಾಯಿ ಬಿಟ್ಟಳು ಲೋಲಾ ಮೆತ್ರಿಂಗ್.

“ತಟ್ಟೆ ತಿರುಗಿಸ್ಲಿಲ್ಲ.”

ಮರ್ಲಿನ್ ಕಣ್ಣು ಮುಚ್ಚಿಕೊಂಡಳು.

ನಮ್ಮಲ್ಲಿ ಊಟ ನಡೆಯುವಾಗ ಯಾರಾದರೂ ಎದ್ದು ಪಯಣ ಹೊರಟರೆ, ಇನ್ನೂ ಉಣ್ಣುತ್ತಿರುವವರು ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸಬೇಕು. ತಿರುಗಿಸದಿದ್ದರೆ ಹೊರಟವರಿಗೆ ದಾರಿಯಲ್ಲಿ ಕೆಡುಕು. ಓದಿದವರು ನಗುತ್ತಾರೆ. ನಗುತ್ತಲೇ ಮೇಜಿನ ಕೆಳಗೆ ಕೈ ಹಾಕಿ ತಿರುಗಿಸುತ್ತಾರೆ.

“ಲೋಲಾ, ಉಣ್ತಾ ಉಳಿದವ್ರು ತಿರುಗಿಸ್ಬೇಕು. ಅಲ್ಲಿ ಯಾರೂ ಉಳೀಲೇ ಇಲ್ವಲ್ಲ, ಎಲ್ರೂ ಇಲ್ಲೇ ಇದೀವಿ,” ಎಂದು ನಾನು ಕಾನೂನು ತೆಗೆದೆ.

“ನಾನಿದ್ದೆ. ನನ್ನ ತಟ್ಟೆಲಿ ಅನ್ನ ಇತ್ತು, ಮೊಟ್ಟೆ ಇತ್ತು. ಇವ್ರು ನಾಲ್ಕೂ ಜನ ಹೊರಟ್ರು. ತಿರುಗಿಸೋಣ ಅಂತ ಕೈ ಹಾಕೋಷ್ಟ್ರಲ್ಲಿ ಈ ಲೂಸಿಂಗ್ ನನ್ನ ಬಾತುಕೋಳಿ ಥರ ಎತ್ಕೊಂಡು ಬಂದ್ಳು. ತಟ್ಟೆ ಅಲ್ಲೇ ಇದೆ ಈಗ್ಲೂ. ಗಾಡಿ ತಿರುಗ್ಸು, ಸೆಲ್ಸೊ.”

“ನಿಮಗೇ ಕಿಟಕಿ ಸೀಟ್ ಸಿಗ್ಲಿ ಅಂತ ಅಲ್ವಾ ನಾನು…” ಎಂದು ಲೂಸಿಂಗ್ ಅಳುವ ದನಿ ತೆಗೆದಳು.

“ಕಿಟಕಿಲಿ ಏನಿದೆ? ನಾನೇನು ಗದ್ದೆ ಕಂಡಿಲ್ವಾ?”

“ಲೋಲಾ, ಹಿಂದಕ್ಕೆ ಹೋದ್ರೆ ವಿಮಾನ ಹೋಯ್ತು, ದುಡ್ಡೂ ಹೋಯ್ತು!” ಎಂದು ಮರ್ಲಿನ್ ಕಿರುಚಿದಳು.

“ದುಡ್ಡು ಹೋಗ್ಲಿ, ನೀವು ಹೋಗ್ಬಾರ್ದಲ್ಲ.”

ಸೆಲ್ಸೊ ಆದರೂ ತಲೆಯುಳ್ಳವನು, ನಡೆಸಿಕೊಂಡು ಹೋಗುತ್ತಾನೆಂದು ನಂಬಿದ್ದೆ. ಅವನು ಒಂದು ದೊಡ್ಡ ಮಳೆಮರದ ಕೆಳಗೆ, ಬಸ್ಸಿನ ತಂಗುದಾಣದ ಪಕ್ಕ, ಗಾಡಿ ನಿಲ್ಲಿಸಿ ಎಂಜಿನ್ ಆರಿಸಿಯೇ ಬಿಟ್ಟ.

“ನೀನೂ ಏನಯ್ಯಾ!” ಎಂದೆ.

“ನೋಂಗ್, ನನ್ನ ಬ್ರೇಕಿನ ಕತೆ ನಂಗೊಬ್ಬನಿಗೇ ಗೊತ್ತಿರೋದು. ಅದರ ಮೇಲೆ ತಿರುಗಿಸದ ತಟ್ಟೆ ಬೇರೆ ಹೊತ್ಕೊಂಡು ನಾನು ಓಡ್ಸಲ್ಲ. ಬೇಕಾದ್ರೆ ನೀವೇ ಓಡ್ಸಿ.”

ಬ್ರೇಕಿನ ಸುದ್ದಿ ಕೇಳಿ ಇಬ್ಬರು ಮೇಣದಬತ್ತಿಯ ಮಾತನ್ನು ಮತ್ತೆ ಎತ್ತಿದರು. ಲೋಲಾ ಹಿಂದಕ್ಕೆ ಎಂದಳು, ಮರ್ಲಿನ್ ಮುಂದಕ್ಕೆ ಎಂದಳು. ಮನೆಯ ಪಕ್ಕದವರಿಗೆ ಫೋನು ಮಾಡಿ ತಟ್ಟೆ ತಿರುಗಿಸಲು ಹೇಳೋಣವೆಂದು ಒಬ್ಬರು ಸೂಚಿಸಿದರು; ಪಕ್ಕದವರೂ ಗಾಡಿಯಲ್ಲೇ ಇದ್ದರು. ತಾಕ್ಯೊ ಹಿಂದಿನ ಮೆಟ್ಟಿಲಿನಿಂದ ಇಳಿದು ಸಡಿಲವಾದ ಒಂದು ಹುರಿ ಹುಡುಕಿ ಗಂಟು ಹಾಕತೊಡಗಿದ. ಬಿಸಿಲೇರುತ್ತಿತ್ತು. ನನಗೆ ಎಲ್ಲರನ್ನೂ ಉಪ್ಪು ಹಚ್ಚಿ ಒಣಗಿಸಬೇಕೆನ್ನಿಸಿತು.

ಆಗ ಫ್ಯಾನಿನ ಪೆಟ್ಟಿಗೆಯ ಮೇಲಿಂದ ತಿಬಾಂಗ್ ಎದ್ದಳು. ರಸ್ತೆ ನೋಡಿದಳು, ಮುದುಕಿಯನ್ನು ನೋಡಿದಳು, ಆಮೇಲೆ ಅನ್ನದ ಪಾತ್ರೆಯನ್ನು ಸ್ವಲ್ಪ ಹೊತ್ತು ನೋಡಿದಳು.

“ಎಲ್ರೂ ಇಳೀರಿ,” ಎಂದಳು. “ಉಣ್ಣೋಣ.”

“ಅವ್ವಾ!” ಎಂದು ಮರ್ಲಿನ್ ತಲೆಗೆ ಕೈ ಹೊತ್ತಳು.

“ತಟ್ಟೆ ತಾನೇ ತಿರುಗ್ಬೇಕು? ಲೋಲಾ, ಇಲ್ಲಿ ಉಂಡು ಇಲ್ಲೇ ತಿರುಗ್ಸಿದ್ರೆ ಆಗುತ್ತಾ?”

ಲೋಲಾ ಯೋಚಿಸಿದಳು. “ಅನ್ನ ಇದ್ರೆ ಆಗುತ್ತೆ. ನಾನು ಬೆಳಿಗ್ಗೆ ಉಂಡಿದ್ದು ಮುಗಿದಿಲ್ಲ, ಅದೇ ಊಟ ಅಂತ ಇಟ್ಕೋಬೋದು.”

ಹದಿನೈದು ಜನ ಇಳಿದರು. ತಂಗುದಾಣದಲ್ಲಿ ಒಂದೇ ಕಲ್ಲಿನ ಬೆಂಚು. ಅದು ಲೋಲಾಳಿಗೆ ಹೋಯಿತು. ಉಳಿದವರು ಚಪ್ಪಲಿಯ ಮೇಲಾದರೂ ಕೂರಬಹುದು, ತಟ್ಟೆ ಎಲ್ಲಿ ಇಡಬೇಕು?

“ಪೆಟ್ಟಿಗೆ ಇಳಿಸಿ,” ಎಂದಳು ತಿಬಾಂಗ್. “ನೆಲದ ಮೇಲೆ ಇರುವೆ ಇದೆ. ಸಾಲಾಗಿ ಜೋಡ್ಸಿ, ಮೇಜು ಆಗುತ್ತೆ. ಮೇಲಿಂದು ಕೂಡ. ಹಾಂ, ಅದೂ. ಅದು ಬೇಡ, ಅದು ನಮ್ಮ ಬಟ್ಟೆ ಚೀಲ, ಅಲ್ಲೇ ಇರ್ಲಿ.”

ನಾಲ್ಕು ಜನ ಗಂಡಸರು ಪೆಟ್ಟಿಗೆ ಇಳಿಸಿದರು. ಮಾವಿನ ಪೆಟ್ಟಿಗೆಗೆ ತಾಗಿ ಸಿಗಡಿಯ ಭರಣಿಯ ಪೆಟ್ಟಿಗೆ, ಅದರ ಪಕ್ಕ ಫ್ಯಾನು, ಕೊನೆಗೆ ನನ್ನ ಮೀನು. ಮಳೆಮರದ ನೆರಳಿನಲ್ಲಿ ನೇರವಾದ ಉದ್ದ ಮೇಜು ಎದ್ದಿತು. ತಿಬಾಂಗ್ ಸೌಟು ಹಿಡಿದಳು. ಅಂಗಡಿಯಲ್ಲಿ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಬಡಿಸುವ ಅದೇ ಕೈ. ಅನ್ನದ ಗುಡ್ಡೆ, ಅದರ ಮೇಲೆ ಅಡೋಬೊ, ಅದರ ರಸ ಅಂಚಿನವರೆಗೆ. ತಟ್ಟೆಯನ್ನು ಯಾರೂ ಎತ್ತಿಕೊಂಡು ನಡೆಯುವಂತಿರಲಿಲ್ಲ, ತುಳುಕುತ್ತಿತ್ತು. ನನಗೆ ಮೂಳೆಯಿರುವ ದೊಡ್ಡ ತುಂಡು ಹಾಕಿದಳು. ನಾನು ಬೇಡವೆನ್ನಲಿಲ್ಲ, ಬೆಳಿಗ್ಗೆಯಿಂದ ಹೊಟ್ಟೆಗೆ ಕಾಪಿ ಬಿಟ್ಟರೆ ಏನೂ ಬಿದ್ದಿರಲಿಲ್ಲ.

ಆಮೇಲೆ ಹೊರಡುವ ನಾಲ್ವರಿಗೆ ಒಂದೇ ತಟ್ಟೆಯಲ್ಲಿ ಒಂದಿಷ್ಟು ಅನ್ನ ಹಾಕಿ, ಒಬ್ಬೊಬ್ಬರ ಬಾಯಿಗೂ ಒಂದೊಂದು ತುತ್ತು ತುರುಕಿದಳು. ತಾನೂ ಒಂದು ನುಂಗಿದಳು. ಎದ್ದಳು.

“ನಾವು ಹೊರಟ್ವಿ. ಈಗ ತಿರುಗ್ಸಿ.”

ಲೋಲಾ ಮೊದಲು ತಿರುಗಿಸಿದಳು, ನಿಧಾನವಾಗಿ, ಪೂರ್ತಿ ಸುತ್ತು. ಉಳಿದವರೂ ತಿರುಗಿಸಿದರು. ಪೆಟ್ಟಿಗೆಗಳ ಮೇಲೆ ಹದಿನೈದು ತಟ್ಟೆಗಳು ಗರಗರ ಎಂದವು. ನಾನೂ ತಿರುಗಿಸಿದೆ. ಇಂಥ ವಿಷಯದಲ್ಲಿ ಒಬ್ಬನೇ ಹೊರಗೆ ಉಳಿಯುವುದು ಅಂಗಡಿ ಇಟ್ಟವನಿಗೆ ಒಳ್ಳೆಯದಲ್ಲ.

ಸೆಲ್ಸೊ ಎಂಜಿನ್ ಚಾಲೂ ಮಾಡಿದ. ಮರ್ಲಿನ್ ಮಗಳನ್ನು ಎತ್ತಿ ಎಸೆದಂತೆ ಒಳಗೆ ಕೂರಿಸಿದಳು. ಖಾಲಿ ಬೆಂಚಿನ ಮೇಲೆ ತಾಕ್ಯೊ ಕಾಲು ಚಾಚಿ ಕೂತ. ಆಗ ಲೂಸಿಂಗಳಿಗೆ ಅರಿವಾಯಿತು.

“ಅಯ್ಯೋ ಇರಿ! ನಾವು ಬರ್ಬೇಕಲ್ಲ! ಫೋಟೋ?” ಎಂದು ಅರ್ಧ ಎದ್ದಳು.

“ಕೂತ್ಕೋ!” ಎಂದಳು ಲೋಲಾ ಮೆತ್ರಿಂಗ್. ಆ ವಯಸ್ಸಿನಲ್ಲಿ ಅಂಥ ದನಿ ಎಲ್ಲಿಂದ ಬಂತೋ. “ತಟ್ಟೆ ತಿರುಗ್ಸಿ ಎದ್ದು ಹೋದ್ರೆ ತಿರುಗ್ಸಿದ್ದೆಲ್ಲ ನೀರಿಗೆ ಹೋದಂಗೆ. ಬೆಳಿಗ್ಗೆ ನನ್ನ ಎಬ್ಸಿದ್ದು ಸಾಲ್ದಾ ನಿಂಗೆ? ಉಣ್ಣು. ಯಾರೂ ಏಳ್ಬಾರ್ದು.”

“ಪೆಟ್ಟಿಗೆ!” ಎಂದೆ ನಾನು, ಬಾಯಲ್ಲಿ ಮೂಳೆ. “ನಾಂಗ್ ತಿಬಾಂಗ್, ಪೆಟ್ಟಿಗೆ! ನನ್ನ ಮೀನು!”

ತಿಬಾಂಗ್ ಜೀಪ್ನಿಯ ಹಿಂದಿನ ಬಾಯಲ್ಲಿ ನಿಂತಿದ್ದಳು. ಪೆಟ್ಟಿಗೆಗಳನ್ನು ನೋಡಿದಳು. ಪ್ರತಿಯೊಂದರ ಮೇಲೂ ತುಂಬಿದ ತಟ್ಟೆ, ಪ್ರತಿ ತಟ್ಟೆಯ ಮುಂದೆಯೂ ಏಳಬಾರದ ಒಬ್ಬ ಮನುಷ್ಯ.

“ಊಟದ ಮಧ್ಯೆ ಮೇಜು ಎಳೀತಾರಾ, ನೋಂಗ್ ಆಂಬೊ?” ಎಂದಳು. “ಆರಾಮಾಗಿ ಉಣ್ಣಿ.”

ಜೀಪ್ನಿ ರಸ್ತೆಗೆ ಏರಿತು. ಭಾರ ಇಳಿದ ಗಾಡಿ ಹೇಗೆ ಜಿಗಿಯುತ್ತದೆ ನೋಡಬೇಕು. ಇಷ್ಟು ವರ್ಷ ಮಾರುಕಟ್ಟೆಯಲ್ಲಿ ಕೂತಿದ್ದೇನೆ, ಬೇಡದ ಸರಕನ್ನು ಗಿರಾಕಿಯ ಕೈಯಿಂದಲೇ ಇಳಿಸಿ, ಅವನ ಕೈಯಿಂದಲೇ ಜೋಡಿಸಿ, ಮೇಲಿಂದ ಊಟ ಹಾಕಿ ಹೋದವರನ್ನು ನಾನು ನೋಡಿಲ್ಲ. ಅದೂ ಯಾರು? ನನ್ನ ಬುಟ್ಟಿಗಳಿಗೆ ಒಲೆಯ ಬೆನ್ನು ಬಿಟ್ಟುಕೊಟ್ಟವಳು. ತುಂಡಿನಲ್ಲಿ ಮಾಂಸ ಇನ್ನೂ ಇತ್ತು. ಉಂಡೆ.

ಆಮೇಲಿನದು ನಮ್ಮ ಪಾಡು. ವಾಹನವಿಲ್ಲ, ನೆರಳು ಸರಿಯುತ್ತಿದೆ, ದಾರಿಹೋಕರು ನಿಂತು ನಿಂತು “ಯಾರ ಮದುವೆ?” ಎಂದು ಕೇಳುತ್ತಾರೆ. ಕಸಾಯಿಯವನು ತನ್ನ ಭರಣಿಯ ಮುಚ್ಚಳ ತೆಗೆದು ಗೊಜ್ಜನ್ನು ಎಲ್ಲರ ತಟ್ಟೆಗೂ ಸುರಿದ. ವಾಪಸ್ಸು ಹೊರುವುದಕ್ಕಿಂತ ಮೇಲು ಅಂದ. ಲೂಸಿಂಗ್ ಸಿಟ್ಟಿನಲ್ಲಿ ಮಾವಿನ ಪೆಟ್ಟಿಗೆಯ ಗಂಟು ಬಿಚ್ಚಲು ಹೋಗಿ, ತಾಕ್ಯೊನ ಕುಲವನ್ನೆಲ್ಲ ಬೈದು, ಕೊನೆಗೆ ಹಲ್ಲಿನಿಂದ ಕಚ್ಚಿ ಹರಿದಳು.

“ನನ್ನ ತಮ್ಮಂಗೆ ಏನ್ ಹೇಳ್ಲಿ ಈಗ?” ಎಂದಳು ಹಣ್ಣು ಹಂಚುತ್ತ.

“ನಿನ್ನ ತಮ್ಮನಿಗೆ ನೀನು ಹಣ್ಣು ಕಳಿಸ್ತೀಯ ಅಂತ ಗೊತ್ತಿತ್ತಾ?” ಎಂದೆ.

“ಇಲ್ಲ.”

“ಮತ್ತೇನು, ಸುಮ್ನೆ ತಿನ್ನು.”

ನನ್ನ ಪೆಟ್ಟಿಗೆಯನ್ನು ಮಾತ್ರ ನಾನು ಬಿಚ್ಚಲಿಲ್ಲ. ವಾಸನೆಗೆ ಸೇರಿದ ಬೆಕ್ಕುಗಳನ್ನು ಓಡಿಸುತ್ತ ಕೂತೆ.

ಬಿಸಿಲು ನೆತ್ತಿಯಿಂದ ಇಳಿದ ಮೇಲೆ ಸೆಲ್ಸೊ ಬಂದ. ಹದಿನೈದು ಬಾಯಿಗಳೂ ಒಟ್ಟಿಗೆ ಕೇಳಿದವು. ವಿಮಾನ ಸಿಕ್ಕಿತಂತೆ. ಕೌಂಟರಿನಲ್ಲಿ ಎರಡು ಚೀಲ ಇಟ್ಟರು, ಅಲ್ಲಿನ ಹುಡುಗಿ ಪಟ್ಟಿ ಅಂಟಿಸಿದಳು, ಒಂದು ಪ್ರಶ್ನೆ ಇಲ್ಲ. ಅವರ ಮುಂದೆಯೇ ಇನ್ನೊಂದು ಸಂಸಾರ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಒಳಚಡ್ಡಿ ಹರಡಿ ಕೂತಿತ್ತಂತೆ.

“ನಾಂಗ್ ತಿಬಾಂಗ್ ಅತ್ಳಾ?” ಎಂದು ಲೂಸಿಂಗ್ ಆಸೆಯಿಂದ ಕೇಳಿದಳು. ಯಾರೂ ಅಳದೆ ಬೀಳ್ಕೊಟ್ಟದ್ದು ಅವಳಿಗೆ ಸಹಿಸದ ಅವಮಾನ.

“ಇಲ್ಲಪ್ಪ. ಸ್ವೆಟರ್ ಅಲ್ಲೇ ಹಾಕ್ಕೊಂಡ್ರು. ಈ ಸೆಕೇಲಿ!”

ಮರುದಿನ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ನನ್ನ ಮೊಬೈಲು ಕೂಗಿತು. ವಿಡಿಯೋ. ಪರದೆ ತುಂಬ ತಿಬಾಂಗ್, ಗದ್ದದವರೆಗೂ ಗುಂಡಿ ಹಾಕಿದ ಸ್ವೆಟರು, ಹಿಂದೆ ಮಂಜು ಹಿಡಿದ ಪೈನ್ ಮರಗಳು. ಕತ್ತಿನಲ್ಲಿ ಟವೆಲು ಇರಲಿಲ್ಲ. ಅದಿಲ್ಲದ ಆಕೆಯನ್ನು ಗುರುತಿಸಲು ನನಗೆ ಒಂದು ಕ್ಷಣ ಬೇಕಾಯಿತು.

“ಏನ್ ಮಾಡ್ತಿದೀಯಾ ನಾಂಗ್?”

“ನಡುಗ್ತಿದೀನಿ.”

“ಆಮೇಲೆ?”

“ಆಮೇಲೆ ಏನಿಲ್ಲ. ನಡುಗ್ತಿದೀನಿ ಅಷ್ಟೆ.” ಆಕೆಯ ಮಾತು ತುಂಡು ತುಂಡಾಗಿ ಬರುತ್ತಿತ್ತು. ನೆಟ್‌ವರ್ಕು ಕೆಟ್ಟಿದೆ ಎಂದುಕೊಂಡೆ. ಅಲ್ಲ, ಹಲ್ಲು.

ಸುಮ್ಮನೆ ಇರುವುದು ನನ್ನ ವೃತ್ತಿಗೆ ಒಗ್ಗುವುದಿಲ್ಲ. “ಹೆಂಗೂ ಅಲ್ಲೇ ಇದೀಯಲ್ಲ,” ಎಂದೆ. “ನಾಳೆ ಮಾರ್ಕೆಟ್ ಕಡೆ ಹೋದ್ರೆ ಒಣಮೀನಿನ ರೇಟ್ ಏನಿದೆ ಅಂತ ಒಂಚೂರು…”

“ಆಗಲ್ಲ, ನೋಂಗ್ ಆಂಬೊ,” ಎಂದು ತಿಬಾಂಗ್ ಫೋನು ಇಟ್ಟಳು.